ಸಾಲಹಳ್ಳಿಗೆ ಹೊರಟ ತೊಟ್ಟಿಲು

ನಾನು ಬಸ್ಸು ಹತ್ತಿದೆನೆಂದರೆ ಏನಾದರೊಂದು ಆಗಲೇಬೇಕು. ಆಗದಿದ್ದರೆ ತಪ್ಪು ಬಸ್ಸು ಹತ್ತಿದೆನೇನೋ ಅಂತ ನನಗೇ ಗಾಬರಿ. ಆದರೆ ತೊಂಬತ್ತರ ದಶಕದಲ್ಲಿ ಮೈಸೂರು ಬಿಟ್ಟು ಮೊದಲ ಸಲ ಬೆಳಗಾವಿ ಸೀಮೆಗೆ ಹೋದಾಗ ಆದದ್ದರ ಮುಂದೆ ಉಳಿದದ್ದೆಲ್ಲ ಯಾವ ಲೆಕ್ಕ!

ಅಕ್ಕನನ್ನು ರಾಮದುರ್ಗದ ಕಡೆಯ ಸಾಲಹಳ್ಳಿಗೆ ಕೊಟ್ಟಿತ್ತು. ಮಗುವಿನ ನಾಮಕರಣ ಅಲ್ಲೇ. ತೊಟ್ಟಿಲು ಮಾತ್ರ ತವರಿನಿಂದಲೇ ಹೋಗಬೇಕು. ಅಕ್ಕನೂ ನಾನೂ ಮಲಗಿ ಬೆಳೆದ ಮರದ ತೊಟ್ಟಿಲನ್ನು ಅಮ್ಮ ನನ್ನ ಹೆಗಲಿಗೇರಿಸಿ, "ಮಧ್ಯಾಹ್ನದ ಮುಹೂರ್ತಕ್ಕೆ ತಲುಪಲಿಲ್ಲವೋ, ನಿಮ್ಮಕ್ಕ ಜೀವಮಾನವಿಡೀ ಅತ್ತೆ ಕೈಲಿ ಮಾತು ಕೇಳಬೇಕಾಗುತ್ತೆ, ಹುಷಾರು!" ಅಂದಿದ್ದಳು.

ಟವಲ್ಲಿನ ಸೀಟು

ಬೆಳಗಿನ ಜಾವ ಮೈಸೂರಿನ ಬಸ್ಸಿನಿಂದ ಕಿತ್ತೂರಿನಲ್ಲಿ ಇಳಿದೆ. ಸವದತ್ತಿಯ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳಿಂದ ಟವಲ್ಲುಗಳು ಒಳಗೆ ಹಾರಿದವು. ನಾನೊಂದು ಟವಲ್ಲನ್ನು ಸರಿಸಿ ಹಾಯಾಗಿ ಕೂತೆ. ಇಡೀ ಬಸ್ಸು ನನ್ನನ್ನೇ ನೋಡಿತು.

"ಟವಲ್ ಹಾಕ್ಯಾರಲ್ರಿ! ಸೀಟ ಅವರದು," ಅಂದ ಕಂಡಕ್ಟರು.

ಟವಲ್ಲಿನ ಯಜಮಾನರು ಬಂದರು. ಜಗಳವಾಡಲಿಲ್ಲ, ಪಾಪ. "ಒಂದೀಟ ಸರಕೋರಿ, ಮುಂದಿನ ಸ್ಟಾಪಿಗೆ ಇಳೀತೇನಿ," ಅಂತ ಕೂತರು. ನಾನು ತೊಟ್ಟಿಲು ತಬ್ಬಿಕೊಂಡು ಸೀಟಿನ ಅಂಚಿನಲ್ಲಿ ಜೋತುಬಿದ್ದೆ. ಸ್ಟಾಪಿನ ಮೇಲೆ ಸ್ಟಾಪು ಹೋಯಿತು. ಅವರ ಮುಂದಿನ ಸ್ಟಾಪು ಬೈಲಹೊಂಗಲ.

ರಸ್ತೆಯ ಮೇಲಿನ ರಾಶಿ

ಸವದತ್ತಿಯ ದಾರಿಯಲ್ಲಿ ಎಳೆಬಿಸಿಲು, ಕಪ್ಪು ನೆಲ, ಗಾಳಿಗೆ ತಲೆದೂಗುವ ಬಿಳಿಜೋಳ. ನೋಡ್ತಾ ನೋಡ್ತಾ ಎಲ್ಲಿಗೆ ಹೊರಟಿದ್ದೇನೆ ಅನ್ನೋದೇ ಮರೆತಿತ್ತು. ಅಷ್ಟರಲ್ಲಿ ಚಕ್ರದಡಿ ಚರಚರ ಸದ್ದು. ಟಾರು ರಸ್ತೆಯ ತುಂಬಾ ಒಣಗಿದ ಕಡಲೆ ಗಿಡ ಹರಡಿತ್ತು. ಬಸ್ಸು ಹಾಯ್ದರೆ ಕಾಳು ಬಿಡಿಸಿದಂತೆಯೇ!

ರೈತ ಕೈ ಅಡ್ಡ ಹಿಡಿದ. "ಮಾವಾ, ಎಡಕ್ಕ ಒಂದೀಟ ಉಳದೈತಿ. ಹಿಂದ ತಗೊಂಡು ಮತ್ತೊಮ್ಮೆ ಹಾಯಿಸು."

ಡ್ರೈವರು ನಿಜಕ್ಕೂ ಹಿಂದೆ ತಗೊಂಡ! ನನಗೆ ಪಿತ್ತ ನೆತ್ತಿಗೇರಿತು. "ನಾಮಕರಣದ ಮುಹೂರ್ತ ಇದೆ ಕಣ್ರೀ!" ಅಂತ ಕೂಗಿದೆ.

ಹಿಂದಿನ ಸೀಟಿನಿಂದ ನಿದ್ದೆಗಣ್ಣಿನ ಉತ್ತರ ಬಂತು: "ಕೂಸು ಹುಟ್ಟೈತಲ್ರಿ? ಮತ್ತೆಲ್ಲಿ ಹೋಗತೈತಿ ಅದು?"

ತೂಗುವ ರಸ್ತೆ

ಸವದತ್ತಿಯಲ್ಲಿ ಹತ್ತಿದ ರಾಮದುರ್ಗದ ಕಡೆಯ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕಂಡಕ್ಟರು ತೊಟ್ಟಿಲನ್ನು ಮೇಲಿನ ಕಂಬಿಗೆ ಸರಪಳಿ ಹಾಕಿ ತೂಗುಹಾಕಿಬಿಟ್ಟ.

"ಎವ್ವಾ, ಬರಿ ತೊಟ್ಟಿಲಾ ತೂಗಬಾರದು!" ಅಂತ ಅಜ್ಜಿಯೊಬ್ಬಳು ಗದರಿದಳು. ಮುಂದಿನ ಸೀಟಿನ ಹೆಂಗಸಿನ ಕೂಸು ಹತ್ತಿದಾಗಿನಿಂದ ಕಿರುಚುತ್ತಿತ್ತು. ಅಜ್ಜಿ ಅದನ್ನೇ ಎತ್ತಿ ತೊಟ್ಟಿಲಿಗೆ ಹಾಕಿದಳು. ಧೂಳು ಬೀಳದಿರಲೆಂದು ತಾಯಿ ಮೇಲೊಂದು ಟವಲ್ಲು ಹೊದಿಸಿದಳು. ಗುಂಡಿಗೊಂದು ತೂಗು, ತಿರುವಿಗೊಂದು ಜೀಕು. ಕೂಸು ಮಲಗಿತು, ತಾಯಿ ಮಲಗಿದಳು, ಅಜ್ಜಿ ಮಲಗಿದಳು, ನಾನೂ ಮಲಗಿದೆ. ಆ ರಸ್ತೆಯನ್ನು ಯಾಕೆ ರಿಪೇರಿ ಮಾಡಿಲ್ಲ ಅನ್ನೋದು ಅವತ್ತು ತಿಳೀತು.

ಮುಂದಿನ ಸ್ಟಾಪು

"ಸಾಲಹಳ್ಳಿ ಬಂತ್ರಿ! ಲಗೂ ಇಳೀರಿ, ಮುಹೂರ್ತ ಮೀರತೈತಿ!" ಹತ್ತುವಾಗಲೇ ನನ್ನ ಮುಹೂರ್ತದ ಗೋಳು ಕೇಳಿದ್ದ ಕಂಡಕ್ಟರು ಕೂಗಿದ.

ಯಾರೋ ತೊಟ್ಟಿಲು ಕಳಚಿದರು, ಯಾರೋ ಕೆಳಗಿಳಿಸಿದರು. ಕೂಸನ್ನು ತಾಯಿ ಎತ್ತಿಕೊಂಡಿರುತ್ತಾಳೆ ಅಂದುಕೊಂಡು ನಾನು ನಿದ್ದೆಗಣ್ಣಲ್ಲೇ ತೊಟ್ಟಿಲು ಹೊತ್ತು ಓಡಿದೆ. ಬಾಗಿಲಲ್ಲಿ ಅಕ್ಕ ಕಣ್ತುಂಬಾ ನೀರು ತುಂಬಿಕೊಂಡು ನಿಂತಿದ್ದಳು. ಅಬ್ಬಾ, ಗೆದ್ದೆ ಅನ್ನಿಸಿತು. ಅವಳ ಅತ್ತೆ ಆರತಿ ಎತ್ತಿ, ಟವಲ್ಲು ಸರಿಸಿ ನೋಡಿದರು.

"ಅಯ್ಯ ಶಿವನ! ತೊಟ್ಟಿಲಾ ಅಷ್ಟ ಕೇಳಿದ್ವಿ. ಬೀಗರು ಕೂಸನ್ನೂ ಕೊಟ್ಟು ಕಳಿಸ್ಯಾರಲ್ಲ!"

ಅಷ್ಟರಲ್ಲಿ ಹೊರಗೆ ಹಾರ್ನು. ಬಸ್ಸು ಹಿಮ್ಮುಖವಾಗಿ ಓಣಿಯೊಳಗೇ ಬರುತ್ತಿತ್ತು. ಆ ಕೂಸಿನ ತಾಯಿ ಬಸ್ಸಿಳಿದು ಎದೆ ಬಡಿದುಕೊಳ್ಳುತ್ತಾ ಓಡಿಬಂದು ತೊಟ್ಟಿಲಿಗೆ ಬಗ್ಗಿದಳು. ನಾನು ಕೂಸನ್ನು ಎತ್ತಿಕೊಡಲು ಕೈ ಚಾಚಿದರೆ, ತಡೆದುಬಿಟ್ಟಳು.

"ಎಬ್ಬಿಸಬ್ಯಾಡ್ರಿ ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೇನಿ! ಹಲ್ಲು ಬರಾಕ ಹತ್ತ್ಯಾವು. ರಾತ್ರಿಯೆಲ್ಲಾ ಅತ್ತು ಈಗ ಕಣ್ಣ ಮುಚ್ಚೈತಿ."

"ಮುಹೂರ್ತ!" ಅಂದರು ಪುರೋಹಿತರು. ಅಕ್ಕನ ಮಡಿಲಲ್ಲಿ ನಮ್ಮ ಕೂಸು ಅಳತೊಡಗಿತು. ನಾನು ಅತ್ತೆಯವರ ಮುಖ ನೋಡಿದೆ.

"ಟವಲ್ ಹಾಕ್ಯಾರಲ್ಲೋ ತಮ್ಮಾ, ಸೀಟ ಅವರದು. ಏನ ಮಾಡಾಕ ಬರತೈತಿ?" ಅಂದವರೇ ಮೊಮ್ಮಗನನ್ನು ಎತ್ತಿಕೊಂಡರು. ಮಲಗಿದ್ದ ಕೂಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ ಪಿಸುಗುಟ್ಟಿದರು:

"ಒಂದೀಟ ಸರಕೋ ನನ್ನಪ್ಪಾ. ನೀ ಹ್ಯಾಂಗೂ ಮುಂದಿನ ಸ್ಟಾಪಿಗೆ ಇಳಿಯಾಂವ."