ಚೀಟಿ ಇಲ್ಲದೆ ಹಾಲಿಲ್ಲ

ಫ್ರೀಜರಿನ ಬಾಗಿಲು ತೆರೆದು ನಿಂತ ಉಗ್ರಾಣಿಯ ಬೆರಳುಗಳು ಮರಗಟ್ಟಿದವು. ಎಣಿಕೆ ಮಾತ್ರ ಮೂವತ್ತರಿಂದ ಮೇಲೇಳಲಿಲ್ಲ. ನಿನ್ನೆ ಬೆಳಿಗ್ಗೆ ಮೂವತ್ತೊಂದಿತ್ತು. ಒಂದು ಹಾಲಿನ ಚೀಲಕ್ಕೆ ಕಾಲು ಬಂದಿತ್ತು.

ಉಗ್ರಾಣಿ ಎಂಬುದು ಅವನ ಉದ್ಯೋಗ. ಯಂತ್ರಗಳ ಬಿಡಿಭಾಗದ ಗೋದಾಮೊಂದನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದಾನೆ. ಅಲ್ಲಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಚೀಟಿ ಬೇಕು, ಚೀಟಿಯ ಮೇಲೆ ಸಹಿ ಬೇಕು. ಮಾಲೀಕರೇ ಬಂದು ಕೇಳಿದರೂ "ಚೀಟಿ?" ಎನ್ನುವ ಆಸಾಮಿ. (ಮಾಲೀಕರು ಒಮ್ಮೆ ತೆಪ್ಪಗೆ ಬರೆದೂ ಕೊಟ್ಟಿದ್ದಾರೆ.) ಇಂಥವನ ಮನೆಯ ಫ್ರೀಜರಿನಲ್ಲಿ, ನಾಲ್ಕು ತಿಂಗಳ ಮಗಳಿಗೆಂದು ಹೆಂಡತಿ ಹಿಂಡಿಟ್ಟ ಎದೆಹಾಲು ಪುಟ್ಟ ಪುಟ್ಟ ಚೀಲಗಳಲ್ಲಿ ಮಂಜುಗಡ್ಡೆಯಾಗಿ ಮಲಗಿತ್ತು. ಪ್ರತಿ ಚೀಲದ ಮೇಲೂ ತಾರೀಖು. ಹಳೆಯದು ಮುಂದೆ, ಹೊಸದು ಹಿಂದೆ. ಗಟ್ಟಿಯಾಗುವಾಗ ಹಾಲು ಉಬ್ಬುತ್ತದೆಂದು ಚೀಲದ ಬಾಯಲ್ಲಿ ಒಂದಿಷ್ಟು ಖಾಲಿ ಜಾಗ. ಗೋದಾಮಿನ ಬೋಲ್ಟುಗಳು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದವು.

ಹಾಗೆಂದು ಇದನ್ನು ಬರೀ ಹುಚ್ಚು ಎಂದು ನಗುವಂತಿಲ್ಲ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಹೆಂಡತಿ ಮುಕ್ಕಾಲು ಗಂಟೆ ಕೂತು ತೆಗೆದಿಟ್ಟ ಹಾಲಿನ ಲೋಟ ಇವನ ಮೊಣಕೈ ತಾಗಿ ಉರುಳಿತ್ತು. ಅವಳು ಬೈಯಲಿಲ್ಲ. ಬಟ್ಟೆ ತಂದು ಒರೆಸಿದಳು. ಒರೆಸಿ ಮುಗಿದ ಮೇಲೂ ಅಲ್ಲೇ ನೆಲದ ಮೇಲೆ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಇವತ್ತಿಗೂ ಅನಿಸುತ್ತದೆ. ಹಾಲು ಕೊಡುವುದು ಗಂಡಸಿನ ಕೈಲಾಗದ ಕೆಲಸ, ಕಾಯುವುದಾದರೂ ತನ್ನಿಂದಾದೀತು ಎಂದು ಅಂದೇ ಫ್ರೀಜರಿನ ಅಧಿಕಾರ ವಹಿಸಿಕೊಂಡ.

ಇವತ್ತು ಅವಳು ಕೆಲಸಕ್ಕೆ ಮರಳುವ ಮೊದಲ ದಿನ. ಇವತ್ತೇ ಒಂದು ಚೀಲ ನಾಪತ್ತೆ!

"ಅತ್ತೆ, ಫ್ರೀಜರಿಗೆ ಕೈ ಹಾಕಿದ್ರಾ?"

ಮಗು ನೋಡಿಕೊಳ್ಳಲೆಂದೇ ಬಂದಿದ್ದ ಹೆಂಡತಿಯ ತಾಯಿ, ಮೊಮ್ಮಗಳ ಬೆನ್ನು ತಟ್ಟುತ್ತಲೇ ಹೇಳಿದರು, "ಹೂಂ, ಹಾಕ್ದೆ. ಅದು ಏನಾಯ್ತು ಅಂದ್ರೆ ಅಳಿಯಂದ್ರೇ—"

"ಚೀಟಿ ಎಲ್ಲಿ?"

"ಎಂಥಾ ಚೀಟಿ?"

"ಏನು ತೆಗೆದ್ರಿ, ಯಾಕೆ ತೆಗೆದ್ರಿ ಅಂತ. ಮೊದಲು ಚೀಟಿ, ಆಮೇಲೆ ಮಾತು."

"ಸರಿಯಪ್ಪ, ಹಾಗಾದ್ರೆ ನಂಗೆ ಮಾತೇ ಬೇಡ," ಎಂದು ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು.

ಕನ್ನಡಿಯ ಮುಂದೆ ಒಂದೇ ಗುಂಡಿಯನ್ನು ಮೂರನೇ ಸಲ ಹಾಕಿಕೊಳ್ಳುತ್ತಿದ್ದ ಹೆಂಡತಿ, "ರೀ, ಇವತ್ತೊಂದಿನ ಸುಮ್ನಿರ್ತೀರಾ?" ಎಂದಳು. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುವವಳು. ತನ್ನ ಕಣ್ಣಲ್ಲೇ ನೀರು ತುಂಬಿಕೊಂಡು ಮಗುವಿನ ಹಣೆಗೆ ಮುತ್ತಿಟ್ಟು, ಹಿಂದಿರುಗಿ ನೋಡದೆ ಹೊರಟುಬಿಟ್ಟಳು.

ಉಗ್ರಾಣಿ ಸುಮ್ಮನಿದ್ದ. ಸುಮ್ಮನೆ ಫ್ರೀಜರಿಗೆ ಬೀಗ ಹಾಕಿದ. ಅದು ಯಾರೋ ಬಳಸಿ ಕೊಟ್ಟ ಹಳೆಯ ಫ್ರಿಜ್. ಮೇಲಿನ ಬಾಗಿಲಿಗೆ ಬೇರೆಯೇ ಬೀಗವಿತ್ತು. ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟು, ಎರಡು ಒಳ್ಳೆಯ ಮಾತು ಹೇಳಿ ಹೋಗಬೇಕೆಂದೇ ಇದ್ದ. ಆದರೆ ಹನ್ನೊಂದು ವರ್ಷದ ಅಭ್ಯಾಸ ಕೇಳಬೇಕಲ್ಲ. ಬೀಗ ಹಾಕಿದ ಕೈ ತಾನಾಗಿಯೇ ಕೀಲಿಯನ್ನು ಗೋದಾಮಿನ ಗೊಂಚಲಿಗೆ ಸೇರಿಸಿ ಜೇಬಿಗಿಳಿಸಿತು.

ಹನ್ನೊಂದು ಗಂಟೆಗೆ ಗೋದಾಮಿನ ಹಿಂಬಾಗಿಲು ತೆಗೆಯಲು ಗೊಂಚಲು ಹೊರತೆಗೆದಾಗ, ದಪ್ಪ ಕೀಲಿಗಳ ನಡುವೆ ಒಂದು ಪುಟ್ಟ ಕೀಲಿ ಫಳಫಳ ಹೊಳೆಯಿತು. ಉಗ್ರಾಣಿ ಮನೆಗೆ ಫೋನು ಮಾಡಿದ, ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದ. ಹಸಿದು ಕೆಂಪಾದ ಮಗು, ಬೀಗದ ಮುಂದೆ ಕೈಕಟ್ಟಿ ನಿಂತ ಅತ್ತೆ ಕಣ್ಣಮುಂದೆ ಬಂದರು. ಮೂವತ್ತು ಚೀಲ ಹಾಲಿದ್ದೂ ಮಗಳು ಉಪವಾಸ! ಬಸ್ಸು ಕಾಯುವಷ್ಟು ತಾಳ್ಮೆಯಿಲ್ಲದೆ, ಸಿಕ್ಕಿದ ಗಾಡಿ ಹತ್ತಿ, ಕೊನೆಯ ಎರಡು ಬೀದಿ ಓಡಿಯೇ ಬಂದ.

ಮನೆ ನಿಶ್ಶಬ್ದವಾಗಿತ್ತು. ಮಗು ತುಟಿಯಂಚಿನಲ್ಲಿ ಹಾಲಿನ ಗುರುತಿಟ್ಟುಕೊಂಡು ನಿದ್ದೆ ಮಾಡುತ್ತಿತ್ತು. ಅತ್ತೆ ಬಟ್ಟೆ ಮಡಿಸುತ್ತಿದ್ದರು.

"ಏನು... ಏನು ಕುಡೀತು?" ಏದುಸಿರು ಬಿಡುತ್ತಾ ಕೇಳಿದ.

"ಹಾಲು."

"ಎಲ್ಲಿಂದ ಬಂತು?"

"ನೀವು ಬೆಳಗ್ಗೆ ಕಳ್ಳತನದ ಕೇಸು ಹಾಕಿದ್ರಲ್ಲ, ಆ ಚೀಲದಿಂದ. ಕಲ್ಲಾಗಿರೋ ಹಾಲು ಕರಗೋಕೆ ಹೊತ್ತು ಬೇಡ್ವಾ? ನಿನ್ನೆ ಸಂಜೇನೇ ಒಂದನ್ನ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿದ್ದೆ. ಹೇಳೋಣ ಅಂತ ಬಾಯಿ ತೆರೆದೆ, ನೀವು ಚೀಟಿ ಕೇಳಿದ್ರಿ."

ಉಗ್ರಾಣಿ ಕುರ್ಚಿಯ ಮೇಲೆ ಕುಸಿದ. ಹೋದ ಜೀವ ಬಂದಂತಾಯಿತು.

"ಸದ್ಯ ಬಂದ್ರಲ್ಲ," ಎಂದರು ಅತ್ತೆ. "ಒಂದೂವರೆಗೆ ಮತ್ತೆ ಏಳ್ತಾಳೆ. ಇನ್ನೊಂದು ಚೀಲ ತೆಗೀರಿ, ಉಗುರು ಬೆಚ್ಚಗಿನ ನೀರಲ್ಲಿಟ್ಟು ಕರಗಿಸ್ತೀನಿ. ಕೊಡಿ ಕೀಲಿ."

ಬಲ ಜೇಬಿಗೆ ಕೈ ಹಾಕಿದ. ಎಡ ಜೇಬು. ಅಂಗಿಯ ಜೇಬು. ಮತ್ತೆ ಬಲ ಜೇಬು. ಆಮೇಲೆ ನೆನಪಾಯಿತು. ಕೆಲಸದ ಹೊತ್ತಿನಲ್ಲಿ ಗೊಂಚಲನ್ನು ಒಪ್ಪಿಸದೆ ಅವನು ಇದುವರೆಗೆ ಗೋದಾಮು ಬಿಟ್ಟವನಲ್ಲ, ಇವತ್ತೂ ಬಿಟ್ಟಿರಲಿಲ್ಲ. ಅಷ್ಟು ಗಾಬರಿಯಲ್ಲೂ ಗೊಂಚಲನ್ನು ಹಮಾಲರ ಮೇಸ್ತ್ರಿಯ ಕೈಗಿತ್ತು, ಚೀಟಿ ಬರೆದು, ಸಹಿ ಹಾಕಿಸಿಕೊಂಡೇ ಓಡಿಬಂದಿದ್ದ. ಜೇಬಿನಲ್ಲಿ ಆ ಚೀಟಿ ಮಾತ್ರ ಭದ್ರವಾಗಿತ್ತು.

ಅತ್ತೆ ಅದನ್ನು ಈಸಿಕೊಂಡು ಪೂರ್ತಿ ಓದಿದರು. "ಸಹಿ ಚೆನ್ನಾಗಿದೆ," ಎಂದರು. "ಇದನ್ನ ಕರಗಿಸಿದ್ರೆ ಹಾಲು ಬರುತ್ತಾ?"

ಗೋದಾಮಿಗೆ ಹೋಗಿ ಬಂದು ಹಾಲು ಕರಗಿಸುವಷ್ಟರಲ್ಲಿ ಮಗು ಏಳುತ್ತದೆ. ಉಳಿದದ್ದು ಒಂದೇ ದಾರಿ. ಉಗ್ರಾಣಿ ಹೆಂಡತಿಗೆ ಫೋನು ಮಾಡಿ, ಒಂದಕ್ಷರವೂ ಮುಚ್ಚಿಡದೆ ಒಪ್ಪಿಕೊಂಡ. ಅತ್ತ ಕಡೆಯಿಂದ "ಬಂದೆ," ಎಂದಷ್ಟೇ ಕೇಳಿಸಿತು.

ಒಂದು ಗಂಟೆಗೆ ಬಂದವಳು ಕೈಚೀಲ ಇಟ್ಟು, ಕೈ ತೊಳೆದು, ಆಗಷ್ಟೇ ಮಿಸುಕುತ್ತಿದ್ದ ಮಗುವನ್ನು ಎದೆಗೆ ಹಾಕಿಕೊಂಡಳು. ಉಗ್ರಾಣಿ ಎದುರಿಗೆ ನಿಂತ.

"ಬೈದ್ಬಿಡೇ," ಎಂದ.

"ಬೈಯೋಕೆ ಚೀಟಿ ತಂದಿಲ್ವಲ್ಲ," ಎಂದಳು. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಮತ್ತೆ ಮಾತಾಡಿದಳು. "ಬೆಳಗ್ಗೆಯಿಂದ ಮನೆಗೆ ಬರೋಕೆ ಒಂದು ನೆಪ ಹುಡುಕ್ತಿದ್ದೆ ಕಣ್ರೀ. ಕಣ್ಣು ಪರೀಕ್ಷೆ ಮಾಡೋ ಆ ಕತ್ತಲೆ ಕೋಣೇಲಿ ಅಕ್ಷರದ ಹಲಗೆ ಎದುರು ಕೂತು ಹಾಲು ತೆಗೀತಿದ್ದೆ. ಒಂದಕ್ಷರಾನೂ ನೆಟ್ಟಗೆ ಕಾಣಿಸ್ಲಿಲ್ಲ. ನಾನಿಲ್ಲದೆ ಅವಳು ಆರಾಮಾಗಿದ್ರೂ ಸಂಕಟ, ಅತ್ರೂ ಸಂಕಟ."

ಮೂವತ್ತೊಂದು ಚೀಲಗಳಲ್ಲಿ ಅವಳು ತುಂಬಿಟ್ಟದ್ದು ಹಾಲನ್ನಷ್ಟೇ ಅಲ್ಲ, ಬಿಟ್ಟುಹೋಗುವ ಸಂಕಟವನ್ನೂ ಎಂದು ಉಗ್ರಾಣಿಗೆ ಈಗ ತಿಳಿಯಿತು. ಅವಳ ಕೈಚೀಲದಲ್ಲಿ ಆವತ್ತು ತೆಗೆದ ಹೊಸ ಚೀಲ ತಣ್ಣಗೆ ಕೂತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತಾರೀಖು ಬರೆದು, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟ.

ಸಂಜೆ ಗೊಂಚಲಿನೊಂದಿಗೆ ಬಂದವನೇ ಮೊದಲು ಫ್ರೀಜರ್ ತೆರೆದ. "ನಾಳೆಗೆ ಒಂದು ಇಳಿಸಿ, ಹಳೇದರಿಂದ," ಎಂದರು ಅತ್ತೆ. ಇಳಿಸಿದ. ಮೂವತ್ತು ಇಪ್ಪತ್ತೊಂಬತ್ತಾಯಿತು. ಸರಕು ಕಡಿಮೆಯಾದದ್ದಕ್ಕೆ ಅವನ ಹೊಟ್ಟೆ ಉರಿಯದೇ ಇದ್ದದ್ದು ಅದೇ ಮೊದಲು.

ಅತ್ತೆ ಅಂಗೈ ಚಾಚಿದರು. ಉಗ್ರಾಣಿ ಪುಟ್ಟ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅವರ ಕೈಯಲ್ಲಿಟ್ಟ. ಇಟ್ಟವನು ಸುಮ್ಮನಿರಬಾರದೇ? ಹಾಳು ಅಭ್ಯಾಸ.

"ಒಂದು ಸಹಿ..." ಎಂದ.

ಅತ್ತೆ ಚೀಟಿಯನ್ನು ಆಗಲೇ ಬರೆದಿಟ್ಟಿದ್ದರು. 'ಫ್ರೀಜರಿನ ಕೀಲಿಯನ್ನೂ ಅಧಿಕಾರವನ್ನೂ ಸ್ವಇಚ್ಛೆಯಿಂದ ಒಪ್ಪಿಸಿರುತ್ತೇನೆ. ದಿನಾ ಬೆಳಿಗ್ಗೆ ಬಾಟಲಿ ತೊಳೆಯುವ ಕೆಲಸವನ್ನು ವಹಿಸಿಕೊಂಡಿರುತ್ತೇನೆ.'

"ಇಲ್ಲಿ, ಕೆಳಗಡೆ," ಎಂದು ಹೆಂಡತಿ ಪೆನ್ನು ಕೊಟ್ಟಳು.

ಚೀಟಿ ಸಕ್ರಮವಾಗಿತ್ತು. ಉಗ್ರಾಣಿ ಸಹಿ ಹಾಕಿದ.