ಮೂರು ದಿನದ ನಾತ

ಒಂಬತ್ತು ವರ್ಷದ ಹಿಂದೆ, ಐರ್ಲೆಂಡಿನಲ್ಲಿ ನರ್ಸಾಗಿರುವ ತಂಗಿ ಕೋಮಲಾ ಫೋನಿನಲ್ಲಿ ಅತ್ತಿದ್ದಳು. "ಒಗ್ಗರಣೆ ವಾಸ್ನೆ ಅಂತ ರೂಮು ಬಿಡಿಸಿಬುಟ್ರು ಕಣಣ್ಣ. ನಮ್ಮ ಜನವೇ ಗಬ್ಬಂತೆ."

ಜುಂಜಣ್ಣ ಶೆಟ್ಟಿಕೆರೆಯ ಜಗಲಿಯಿಂದ ಐರ್ಲೆಂಡಿಗೆ ಫೋನಿಲ್ಲದೆಯೂ ಕೇಳಿಸುವ ಹಾಗೆ ಗುಡುಗಿದ್ದ: "ನನ್ನ ಮನೇಗೆ ಯಾವ ಸೀಮೆಯೋರೇ ಬಾಡಿಗೆಗೆ ಬರ್ಲಿ, ಅವರ ಅಡುಗೆ ವಾಸ್ನೆಗೆ ಹೊರಗೆ ಹಾಕಿದ್ರೆ ನಾನು ನಿಮ್ಮಣ್ಣನೇ ಅಲ್ಲ!"

ಆ ಮಾತಿಗೆ ಈ ಭಾನುವಾರದವರೆಗೆ ಕೆಲಸವೇ ಬಿದ್ದಿರಲಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಗೌರಮ್ಮ ಮೂಗಿಗೆ ಸೆರಗು ಒತ್ತಿಕೊಂಡೇ ಒಳಗೆ ಬಂದರು. "ಜುಂಜಣ್ಣ, ನಿನ್ನ ಹಿಂದಿನ ರೂಮಿನ ಅಸ್ಸಾಮಿನೋರು ಏನು ಬೇಯಿಸ್ತಾವ್ರೆ? ಮೂರು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ."

ನಾತವೇನೋ ಇತ್ತು. ಸತ್ತ ಹೆಗ್ಗಣಕ್ಕೆ ಹುಳಿಮಜ್ಜಿಗೆಯಲ್ಲಿ ಸ್ನಾನ ಮಾಡಿಸಿದಂತಿತ್ತು. "ಅವರು ಬಂದು ಎರಡು ತಿಂಗಳಾಯ್ತಲ್ಲಕ್ಕ," ಎಂದ ಜುಂಜಣ್ಣ.

ಹಿಂದೆಯೇ ಬಂದ ಎದುರುಮನೆಯ ಕೆಂಪಯ್ಯ, "ಮೊದಮೊದಲು ನಾಚ್ಕೊತಾರೆ ಕಣ್ಲಾ. ಆಮೇಲೆ ತಮ್ಮ ಅಡುಗೆ ಶುರು ಹಚ್ಕೊತಾರೆ," ಎಂದು ತೀರ್ಪು ಕೊಟ್ಟ.

ಮೂವರೂ ಹಿಂದಿನ ಕೋಣೆಗೆ ಹೋದರು. ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ದುಡಿಯುವ ರುನುಮಿ, ಬಿರೇನ್ ದಂಪತಿಗೆ ಅಂದು ರಜೆ. ಪುಟ್ಟಗೌರಮ್ಮ ಕೇಳದೆಯೇ ಪಾತ್ರೆಗಳ ಮುಚ್ಚಳ ತೆಗೆದರು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ. ರುನುಮಿ ತಲೆ ತಗ್ಗಿಸಿ ಗೋಡೆಗೆ ಒತ್ತಿ ನಿಂತಳು. ಜುಂಜಣ್ಣನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಬಚ್ಚಿಟ್ಟವ್ರೆ ಬುಡು," ಎಂದರು ಪುಟ್ಟಗೌರಮ್ಮ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀದಿಯೇ ಜಗಲಿಯ ಮೇಲಿತ್ತು. ನಾಳಿದ್ದು ಜುಂಜಣ್ಣನ ಮಗಳನ್ನು ನೋಡಲು ದಂಡಿನಶಿವರದಿಂದ ಗಂಡಿನವರು ಬರುವವರಿದ್ದರು. "ಹೊಸ್ತಿಲಿಂದಲೇ ವಾಪಸ್ ಹೋಯ್ತಾರೆ ನೋಡ್ತಿರು," ಎಂದ ಕೆಂಪಯ್ಯ. ಒಂಬತ್ತು ವರ್ಷ ನಿಂತಿದ್ದ ಮಾತು ಅಲ್ಲಿ ಅಲುಗಾಡಿತು. ಜುಂಜಣ್ಣ ಹಿಂದಿನ ಕೋಣೆಗೆ ಹೋಗಿ, ಗೋಡೆಯ ಕ್ಯಾಲೆಂಡರಿಗೆ ಹೇಳುವವನಂತೆ, "ಸಂಜೆಯೊಳಗೆ ಖಾಲಿ ಮಾಡಿ," ಎಂದ.

ಅವರು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಂಜೆ ಬಿರೇನ್ ಬೀಗದ ಕೈ ಕೊಡಲು, ಬೀದಿಯವರು ಇನ್ನೂ ನೆರೆದಿದ್ದ ನಡುಮನೆಗೆ ಬಂದ. ಹಿಂದೆ ಚೀಲ ಹಿಡಿದ ರುನುಮಿ. ಆಗ ಅಟ್ಟದ ಹಲಗೆಯ ಸಂದಿನಿಂದ ಕರ್ರಗಿನ ಹನಿಯೊಂದು ಕೆಂಪಯ್ಯನ ಬೋಳುತಲೆಯ ಮೇಲೆ ಟಪ್ಪೆಂದಿತು. ಅವನು ಒರೆಸಿ, ಮೂಸಿ, ಬೆರಳನ್ನು ಮೈಯಿಂದ ದೂರ ಹಿಡಿದ.

ಎಲ್ಲರೂ ಮೇಲೆ ನೋಡಿದರು. ಒಣಗಿ ಉಂಡೆ ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಜುಂಜಣ್ಣ ಹರಡಿದ್ದ ತೆಂಗಿನಕಾಯಿ ಕೊಳೆತು ಸೋರುತ್ತಿತ್ತು. ಕೊಬ್ಬರಿಯಲ್ಲೇ ಹುಟ್ಟಿ ಬೆಳೆದ ಅಷ್ಟೂ ಮೂಗುಗಳಿಗೆ ಮೂರು ದಿನ ಅದು ಹೊಳೆದಿರಲಿಲ್ಲ.

"ಅಯ್ಯೋ, ನಿಮಗೂ ನಾತ ಬಡಿದಿರ್ತದಲ್ಲವ್ವ, ಒಂದು ಮಾತು ಹೇಳಬಾರ್ದಾ?" ಎಂದ ಜುಂಜಣ್ಣ.

ರುನುಮಿ ತನಗೆ ಬರುವ ಅಷ್ಟಿಷ್ಟು ಕನ್ನಡ ಒಟ್ಟು ಮಾಡಿದಳು. "ನಿಮ್ಮ ಊಟ ಅಂದ್ಕೊಂಡ್ವಿ ಅಣ್ಣ. ಊಟಕ್ಕೆ ವಾಸನೆ ಅನ್ನಬಾರದು ಅಲ್ವಾ?"

ಮೊದಲು ಚೇತರಿಸಿಕೊಂಡವರು ಪುಟ್ಟಗೌರಮ್ಮ: "ಆಟೋ ಕಾಯ್ತಾ ಐತೆ, ಹೊತ್ತಾಯ್ತದೆ, ಹೊರಡ್ರವ್ವ."

'ಇರಿ' ಎಂಬ ಎರಡಕ್ಷರ ಜುಂಜಣ್ಣನ ನಾಲಿಗೆಯವರೆಗೆ ಬಂತು. ಬೀದಿಯಷ್ಟೂ ಅವನ ಬಾಯನ್ನೇ ನೋಡುತ್ತಿತ್ತು. ಅವನು ಕೈ ಚಾಚಿ ಬೀಗದ ಕೈ ತೆಗೆದುಕೊಂಡ.

ಆಟೋ ತಿಪಟೂರಿನ ಕಡೆ ಹೋಯಿತು. ತಂಗಿಗೆ ಕೊಟ್ಟ ಮಾತನ್ನು ಜುಂಜಣ್ಣ ನಡೆಸಲಿಲ್ಲ.