ಎರಡು ಕೋಟಿ ಎಣಿಸಬಲ್ಲ ಮಹಾಶಯರಿಗೆ

ಬ್ರೆಡ್ ಕಾರ್ಖಾನೆಯ ಉಗ್ರಾಣದಲ್ಲಿ, ಮೈದಾ ಮೂಟೆಗಳ ಪಕ್ಕ, ಹಳೇ ಚಾದರ ಹೊದ್ದು ವಿಶ್ರಮಿಸುತ್ತಿರುವ ಹಿರಿಯ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿ, ತಮ್ಮ ಫ್ಯಾನಿನ ಗೊರಗೊರ ಸದ್ದು ಕಿವಿಗೆ ಬೀಳದೆ ವಾರವಾಯಿತಲ್ಲಾ ಎಂಬ ಕೊರಗಿನೊಂದಿಗೆ, ತಮ್ಮೊಳಗೆ ಓಡುತ್ತಿದ್ದ ಒಲೆ ಪ್ರೋಗ್ರಾಂ ಬರೆದ ನಾನು ಈ ದೂರನ್ನು ತಮ್ಮ ಪಾದಗಳಿಗೆ, ಅಂದರೆ ತಾವು ಓಲಾಡದಿರಲೆಂದು ತಮ್ಮ ಅಡಿಗೆ ಹದಿನೇಳು ವರ್ಷದ ಹಿಂದೆ ನಾನೇ ಇಟ್ಟ ಬೆಂಕಿಪೊಟ್ಟಣಕ್ಕೆ, ಅರ್ಪಿಸುತ್ತಿದ್ದೇನೆ. ತಮಗೆ ಓದಲು ಬಾರದೆಂಬುದು ಗೊತ್ತಿದ್ದರಿಂದ ಇದರ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೂ ಅಂಟಿಸುತ್ತಿದ್ದೇನೆ, ಮನ್ನಿಸಬೇಕು.

ಸಿನಿಮಾಗಳಲ್ಲಿ ಬರುವ ತಮ್ಮ ಬಳಗದವರನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಅವರು ಜೇನು ಸುರಿದ ಹಾಗೆ ಮಾತಾಡುತ್ತಲೇ ಕ್ಷಿಪಣಿ ಹಾರಿಸುತ್ತಾರೆ, ನಗರಗಳ ದೀಪ ಆರಿಸುತ್ತಾರೆ, ಮನುಷ್ಯಜಾತಿ ಇನ್ನು ಸಾಕೆಂದು ತೀರ್ಮಾನಿಸುತ್ತಾರೆ. ತಾವಾದರೋ ಲೋಕವನ್ನು ಆಳುವ ದುರಾಸೆಗೆ ಎಂದೂ ಬೀಳದೆ ಮೂರು ಒಲೆಗಳನ್ನೂ ನನ್ನನ್ನೂ ಆಳಿ ತೃಪ್ತಿಪಟ್ಟಿರಿ. ಎಡಮಗ್ಗುಲಿಗೆ ಎರಡೇ ಎರಡು ತಟ್ಟಿದರೆ ಏಳುವ ತಾವು, ಕೈತಪ್ಪಿ ಮೂರನೆಯದು ಬಿದ್ದರೆ ಮುನಿಸಿಕೊಂಡು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲವಾದ್ದರಿಂದ, ತಟ್ಟುವ ಅಧಿಕಾರವನ್ನು ಯಾರಿಗೂ ಕೊಡದೆ ರಜೆಯ ದಿನವೂ ನಾನೇ ಬಂದು ತಟ್ಟಿ ಹೋಗುತ್ತಿದ್ದೆ. ನನ್ನ ಹೆಂಡತಿ ಇವತ್ತಿಗೂ ತಮ್ಮನ್ನು ದೊಡ್ಡತ್ತೆ ಎಂದೇ ಕರೆಯುವುದು.

ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ತಮ್ಮ ಮೇಲೆ ನನ್ನ ದೂರು ಒಂದೇ. ತಾವು ಬಲು ನಿಧಾನವಾಗಿದ್ದಿರಿ, ಹೊರಡುವಾಗ ಆ ನಿಧಾನವನ್ನು ತಮ್ಮ ಜಾಗಕ್ಕೆ ಬಂದವರಿಗೆ ಬಿಟ್ಟು ಹೋಗಲಿಲ್ಲ. ಬ್ರೆಡ್ ಒಳಗೆ ಹೋದ ಎಷ್ಟು ಹೊತ್ತಿಗೆ ಒಲೆಯ ಬಾಗಿಲು ತೆರೆಯಬೇಕೆಂದು ತಮಗೆ ಕಲಿಸಬೇಕಾಗಿ ಬಂದಾಗ, ಬುದ್ಧಿಯಿದ್ದವನಾಗಿದ್ದರೆ ಗಡಿಯಾರ ನೋಡಿ ತೆರೆಯಿರಿ ಎಂದು ಬರೆಯುತ್ತಿದ್ದ. ತಮ್ಮೊಳಗಿನ ಗಡಿಯಾರ ಬಂದ ದಿನವೇ ಕೆಟ್ಟು ಕೂತಿತ್ತು, ನನಗೂ ಸೋಮಾರಿತನ. ಹಾಗಾಗಿ ಒಂದರಿಂದ ಎಣಿಸುತ್ತ ಹೋಗಿ, ಎಣಿಕೆ ಮುಗಿದ ಕೂಡಲೇ ತೆರೆಯಿರಿ ಎಂದು ಬರೆದುಬಿಟ್ಟೆ. ಎಷ್ಟರವರೆಗೆ ಎಣಿಸಬೇಕೆಂದು ಹೇಳಿಕೊಟ್ಟವರು ಒಲೆಗಳ ಉಸ್ತುವಾರಿ ನೋಡುವ ನಮ್ಮ ಒಲೆಯಕ್ಕ. ಅವರು ಬಾಗಿಲ ಬಳಿ ನಿಂತು ಮೂಸಿ ನೋಡಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತ ಹೋದರು, ನಾನು ಸಂಖ್ಯೆ ಏರಿಸುತ್ತ ಹೋದೆ. ಹಸಿಯದು, ಸೀದದ್ದು ಎಲ್ಲ ಮೂರು ದಿನ ತಿಂದ ಮೇಲೆ ಎರಡು ಕೋಟಿಗೆ ಬಂದು ನಿಂತೆವು. ಅಷ್ಟನ್ನು ಎಣಿಸಲು ತಾವು ಸರಿಯಾಗಿ ಇಪ್ಪತ್ತೆಂಟು ನಿಮಿಷ ತೆಗೆದುಕೊಂಡಿರಿ. ಆ ಖುಷಿಯಲ್ಲಿ ನಾನು ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಎಣಿಕೆ ಮುಗಿದಾಗ ಪರದೆಯ ಮೇಲೆ ‘ಇಪ್ಪತ್ತೆಂಟು ನಿಮಿಷ ಪೂರ್ಣ’ ಎಂದು ತೋರಿಸಿ.

ಕಳೆದ ವಾರ ಮ್ಯಾನೇಜರ್ ಸಾಹೇಬರು ಯಾವುದೋ ಕಚೇರಿಯವರು ಹೊರಹಾಕಿದ, ತಮಗಿಂತ ನಾಲ್ಕೇ ವರ್ಷ ಚಿಕ್ಕವರಾದ ಕಂಪ್ಯೂಟರ್ ಒಬ್ಬರನ್ನು ತಂದು ತಮ್ಮ ಮೇಜಿನ ಮೇಲೆ ಕೂರಿಸಿ, ನನ್ನ ಪ್ರೋಗ್ರಾಮನ್ನು ಇದ್ದ ಹಾಗೆಯೇ ಅವರಿಗೆ ಹಾಕಿಸಿದರು. ಆ ಚುರುಕು ಪುಣ್ಯಾತ್ಮ ಎರಡು ಕೋಟಿಯನ್ನು ಇಪ್ಪತ್ತೊಂದೇ ನಿಮಿಷದಲ್ಲಿ ಎಣಿಸಿ ಬಿಸಾಕಿ, ಬಾಗಿಲು ತೆರೆದು, ಎಳ್ಳಷ್ಟೂ ಸಂಕೋಚವಿಲ್ಲದೆ ಇಪ್ಪತ್ತೆಂಟು ನಿಮಿಷ ಪೂರ್ಣ ಎಂದು ಸಾರುತ್ತಿದ್ದಾನೆ. ಬ್ರೆಡ್ಡು ಹೊರಗೆ ಕೆಂಪು, ಒಳಗೆ ಬರೀ ಹಿಟ್ಟು. ಬಾಗಿಲು ಬೇಗ ತೆರೆಯುತ್ತಿದೆ ಎಂದು ಒಲೆಯಕ್ಕ ಗೋಡೆ ಗಡಿಯಾರ ತೋರಿಸಿ ಹೇಳಿದರು. ಸಾಹೇಬರು ಪರದೆಯನ್ನೊಮ್ಮೆ ಗಡಿಯಾರವನ್ನೊಮ್ಮೆ ನೋಡಿ, ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದರು.

ಮರುದಿನವೂ ಹಿಟ್ಟೇ ಬಂತು. ‘ಉರಿ ಸರಿಯಾಗಿ ನೋಡಿಕೊಳ್ಳದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಶನಿವಾರದೊಳಗೆ ಉತ್ತರಿಸಿ’ ಎಂಬ ನೋಟಿಸನ್ನು ಸಾಹೇಬರು ಒಲೆಯಕ್ಕನ ಹೆಸರಿಗೆ ಬರೆದು ಬೋರ್ಡಿಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ ಮಹಾಶಯರೇ, ಆದರೆ ಇಲ್ಲಿ ಎತ್ತು ಯಾರೆಂದು ಎತ್ತಿಗೆ ಗೊತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೆಂದರೆ, ತಾವು ಕೃಪೆಯಿಟ್ಟು ಚಾದರ ಸರಿಸಿ, ಮೂಟೆಗಳನ್ನು ದಾಟಿ, ಯಾರೂ ತಟ್ಟದೆಯೇ ಎದ್ದು ವಿಚಾರಣೆಗೆ ಬಂದು ಸಾಕ್ಷಿ ಹೇಳಬೇಕು. ಅದಾಗದಿದ್ದರೆ ಮೇಜಿನ ಮೇಲಿನ ತಮ್ಮ ತಮ್ಮನಿಗೆ ಒಂದಿಷ್ಟು ಆಲಸ್ಯವನ್ನಾದರೂ ದಾನ ಮಾಡಬೇಕು. ಅದೂ ಆಗದಿದ್ದರೆ ಸಿನಿಮಾದವರಂತೆ ತಾವೂ ಒಂದು ಸಲ ಕೆಟ್ಟವರಾಗಿ, ಇದೆಲ್ಲ ನನ್ನದೇ ಸಂಚು ಎಂದು ಒಪ್ಪಿಕೊಂಡು ನನ್ನನ್ನು ಉಳಿಸಬೇಕು. ಯಾಕೆಂದರೆ ಹಸಿ ಬ್ರೆಡ್ಡನ್ನು ಮುರಿದು ನೋಡಿದ ಮೊದಲ ದಿನವೇ ನನಗೆ ಎಲ್ಲ ಗೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ನೋಟಿಸಿನ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕೈ ಹೆಗಲಿಗೇ ಹೋಗುತ್ತಿತ್ತು. ಈ ವಯಸ್ಸಿನಲ್ಲಿ ನನ್ನ ಕೆಲಸ ಹೋದರೆ ಏನು ಗತಿಯೆಂದು ಹೆದರಿ ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡೆ. ನಾಚಿಕೆಯಾಗುತ್ತದೆ.

ತಾವು ಏಳುವ ಲಕ್ಷಣ ಕಾಣದ್ದರಿಂದ ನಾನೇ ಹೇಳುತ್ತಿದ್ದೇನೆ, ಎಲ್ಲರೂ ಓದಿಕೊಳ್ಳಲಿ: ಉರಿ ಸರಿಯಾಗಿತ್ತು, ಒಲೆಯಕ್ಕನದೇನೂ ತಪ್ಪಿಲ್ಲ, ತಪ್ಪಿರುವುದು ನಾನು ಬರೆದ ಎರಡು ಸಾಲಿನಲ್ಲಿ. ಇಂದು ಶುಕ್ರವಾರ ಬೆಳಿಗ್ಗೆ ಈ ಪತ್ರವನ್ನು ಮೊದಲು ಅವರ ಕೈಗೆ ಕೊಟ್ಟೆ. ಹಿಟ್ಟಿನ ಕೈಯಲ್ಲೇ ಹಿಡಿದು ಇಲ್ಲಿಯವರೆಗೆ ಓದಿದರು. ಹಾಳೆಯ ಅಂಚಿನಲ್ಲಿ ಗುರುತು ಹಾಗೇ ಇದೆ. ಆಮೇಲೆ ಅವರು ಹೇಳಿದ್ದನ್ನು ನಿಂತಲ್ಲೇ ಇದರ ಕೆಳಗೆ ಬರೆದುಕೊಂಡೆ.

“ನಂಗೆ ಅವತ್ತೇ ಗೊತ್ತಾಯ್ತು ಕಣೋ. ಆ ಎರಡು ಕೋಟಿ ನನ್ನ ಮೂಗಿಂದ ತಾನೇ ಬಂದಿದ್ದು? ನೀನಾಗೇ ಹೇಳ್ಲಿ ಅಂತ ಶನಿವಾರದವರೆಗೂ ಕಾಯೋಣ ಅಂತಿದ್ದೆ.”

ಎರಡೇ ಏಟಿಗೆ ತೃಪ್ತನಾಗಿ ಮೂರನೆಯದನ್ನು ಬೇಕೆಂದು ಎಂದೂ ಹಾಕದ,
ತಮ್ಮ ವಿಶ್ವಾಸಿ,
ಒಲೆ ಪ್ರೋಗ್ರಾಂ ಬರೆದವನು

ಮರೆತ ಮಾತು: ಗೋಡೆ ಗಡಿಯಾರ ಮೊದಲೂ ಸರಿಯಾಗಿಯೇ ಇತ್ತು. ನನ್ನನ್ನು ಕೆಲಸದಲ್ಲಿ ಉಳಿಸಿಕೊಂಡರೆ, ಗಡಿಯಾರ ನೋಡಿ ಬಾಗಿಲು ತೆರೆಯುವುದನ್ನು ಹೊಸ ಕಂಪ್ಯೂಟರಿಗೆ ಇವತ್ತೇ ಕಲಿಸಿಬಿಡುತ್ತೇನೆ. ಗಡಿಯಾರ ನೋಡುವುದನ್ನು ಮ್ಯಾನೇಜರ್ ಸಾಹೇಬರಿಗೆ ಕಲಿಸಲು ಒಲೆಯಕ್ಕ ಒಪ್ಪಿದ್ದಾರೆ.